ಆರು ಮನೆಯ ಬಾಡಿಗೆ

ಗೋಪಾಳ ಬಡಾವಣೆಯಲ್ಲಿದ್ದ ಓಂಕಾರಪ್ಪನವರ ವಠಾರದಲ್ಲಿ ಆರು ಮನೆ, ಆರು ಸಂಸಾರ, ಒಂದೇ ನಲ್ಲಿ. ಆ ನಲ್ಲಿಯ ಮುಂದೆ ಹದಿನಾಲ್ಕು ವರ್ಷ ಜಗಳವಾಗದಂತೆ ನೋಡಿಕೊಂಡವಳು ಮೊದಲನೇ ಮನೆಯ ಬಾಡಿಗೆದಾರಳು, ಅಂಗನವಾಡಿ ಟೀಚರ್ ಸಾವಿತ್ರಮ್ಮ. ಟೀಚರ್ ಹೇಳಿದರೆಂದರೆ ಮುಗಿಯಿತು, ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಈ ಬಗ್ಗೆ ಅವಳಿಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಓಂಕಾರಪ್ಪನವರನ್ನು ಅವಳು ಅಣ್ಣ ಎನ್ನುತ್ತಿದ್ದಳು. ಒಡಹುಟ್ಟಿದವರಿಲ್ಲದ ಅವಳಿಗೆ ಪ್ರತಿ ಗೌರಿ ಹಬ್ಬಕ್ಕೂ ಅವರ ಹೆಂಡತಿ ಶಂಕರಮ್ಮ ವಿದ್ಯಾನಗರದಿಂದ ಆಟೋ ಮಾಡಿಕೊಂಡು ಬಂದು ತವರಿನ ಲೆಕ್ಕದಲ್ಲಿ ಬಾಗಿನ ಕೊಟ್ಟು ಹೋಗುತ್ತಿದ್ದರು. ಹಾಗಾಗಿ ಬಾಡಿಗೆಗೆ ಕಾಗದ ಪತ್ರವೆಂಬುದೇ ಇರಲಿಲ್ಲ. ಬಾಗಿನ ಕೊಡುವ ಅಣ್ಣನ ಹತ್ತಿರ ಕರಾರು ಬರೆಸಿಕೊಳ್ಳುವ ತಂಗಿ ಎಲ್ಲಿದ್ದಾಳೆ?

೨೦೦೨ರ ಹೊತ್ತಿಗೆ ಗೋಪಾಳ ಮೊದಲಿನ ಗೋಪಾಳವಾಗಿ ಉಳಿದಿರಲಿಲ್ಲ. ಪಕ್ಕದ ಹೆಂಚಿನ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸಿ, ಕೋಣೆಗೆ ನಾಲ್ಕು ಮಂಚ ಹಾಕಿ ಕಾಲೇಜು ಹುಡುಗರಿಗೆ ಕೊಟ್ಟಿದ್ದರು. ಒಂದು ಭಾನುವಾರ ಓಂಕಾರಪ್ಪನವರು ಬಂದು ಕಾಫಿ ಕುಡಿಯುತ್ತಾ, ವಠಾರ ಮಾರುತ್ತೇನೆ ಎಂದರು. ಹಾಗಾದರೆ ನಾವೆಲ್ಲಿಗೆ ಹೋಗೋದು ಎಂದಳು ಸಾವಿತ್ರಮ್ಮ. ಅವರು ಸಮಾಧಾನ ಮಾಡಿದರು. ಕೊಳ್ಳುವವನು ಭದ್ರಾವತಿಯ ಕರಿಯಣ್ಣ, ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದವನು, ಬಾಡಿಗೆಯಲ್ಲೇ ಬದುಕುವ ಲೆಕ್ಕಾಚಾರದವನು. ಕೆಡವುವುದಿಲ್ಲ, ಯಾರನ್ನೂ ಎಬ್ಬಿಸುವುದಿಲ್ಲ. ಒಂದೇ ತೊಡಕು, ಈಗಿರುವ ಒಂಬೈನೂರು ಬಾಡಿಗೆ ಎಂದರೆ ಬ್ಯಾಂಕಿನವರು ಅವನಿಗೆ ಸಾಲ ಕೊಡುವುದಿಲ್ಲ. ಹದಿನೆಂಟು ನೂರು ಎಂದು ಹನ್ನೊಂದು ತಿಂಗಳ ಕರಾರಿಗೆ ಆರೂ ಮನೆಯವರು ಸಹಿ ಹಾಕಿಬಿಡಲಿ. ಬ್ಯಾಂಕಿಗೆ ತೋರಿಸಲಿಕ್ಕಷ್ಟೇ. ಕರಿಯಣ್ಣನಿಗೂ ಎಲ್ಲ ಗೊತ್ತಿದೆ.

ಸಾವಿತ್ರಮ್ಮ ಮನೆ ಮನೆ ತಿರುಗಿದಳು. ಮಹಡಿಯ ಹುಚ್ಚಮ್ಮ ಮಾತ್ರ ಅನುಮಾನಿಸಿದಳು. ಹೂ ಮಾರಿ ಬದುಕುವ ಒಂಟಿ ಹೆಂಗಸು ಅವಳು. ನಾನಿಲ್ವಾ ಎಂದು ಸಾವಿತ್ರಮ್ಮ ಅವಳ ಹೆಬ್ಬೆರಳನ್ನು ತಾನೇ ಹಿಡಿದು ಶಾಯಿಗೆ ಒತ್ತಿಸಿದಳು.

ಅದಾದ ವಾರಕ್ಕೆ ಕರಿಯಣ್ಣ ಒಬ್ಬನೇ ಬಂದ. ನಲ್ಲಿಯ ಹತ್ತಿರ ಚಪ್ಪಲಿ ಬಿಟ್ಟು ನಿಂತು, "ಅಮ್ಮಾ, ನಿಜವಾಗ್ಲೂ ಬಾಡಿಗೆ ಎಷ್ಟು ಕೊಡ್ತೀರಾ?" ಎಂದು ಕೇಳಿದ. ಎಲ್ಲ ಗೊತ್ತಿರುವವನು ಯಾಕೆ ಕೇಳುತ್ತಾನೆ? ಅವಳಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಬ್ಯಾಂಕಿನವರು ಎಲ್ಲೋ ಹಿಂದೆ ನಿಂತು ಕೇಳುತ್ತಿರಬಹುದು ಎಂದುಕೊಂಡು, "ಹದಿನೆಂಟು ನೂರು" ಎಂದಳು. ಅವನು ಕೈ ಮುಗಿದು ಹೋದ.

ಎರಡು ತಿಂಗಳಿಗೆ ರಿಜಿಸ್ಟ್ರಿಯಾಯಿತು. ಮರುತಿಂಗಳ ಒಂದನೇ ತಾರೀಖು ಕರಿಯಣ್ಣ ಬಂದು ಆರೂ ಮನೆಯಲ್ಲಿ ಹದಿನೆಂಟು ನೂರು ಕೇಳಿದ. ಕೊಡಲಾಗದವರು ಖಾಲಿ ಮಾಡಬೇಕು, ಕರಾರಿನಲ್ಲಿ ಹಾಗೇ ಇತ್ತು.

ಸಾವಿತ್ರಮ್ಮ ಅಂಗನವಾಡಿಗೆ ರಜೆ ಹಾಕಿ ವಿದ್ಯಾನಗರಕ್ಕೆ ಓಡಿದಳು. ಓಂಕಾರಪ್ಪನವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಾನು ಅವನಿಗೆ ಬಾಡಿಗೆ ಇಷ್ಟು ಅಂತ ಬಾಯಿ ಬಿಟ್ಟು ಹೇಳ್ಲಿಲ್ಲ ಮಾರಾಯ್ತಿ. ಟೀಚರನ್ನೇ ಕೇಳ್ಕೊಳಪ್ಪ ಅಂದೆ. ಹೇಳಿದ್ದು ನೀನು," ಎಂದರು. ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದ ಶಂಕರಮ್ಮ ಸದ್ದು ನಿಲ್ಲಿಸಿದರು, ಹೊರಗೆ ಬರಲಿಲ್ಲ. ಸಾವಿತ್ರಮ್ಮ ಚಪ್ಪಲಿ ಮೆಟ್ಟಿಕೊಂಡಳು. ಇಷ್ಟು ವರ್ಷ ತಾನು ಜೋಪಾನ ಮಾಡಿಕೊಂಡ ಹೆಸರನ್ನು ಈ ಮನುಷ್ಯ ಸೈಟಿನ ಜೊತೆ ಸೇರಿಸಿ ಮಾರಿಬಿಟ್ಟಿದ್ದ.

ಅಲ್ಲಿಂದ ನೇರ ಭದ್ರಾವತಿಯ ಬಸ್ಸು ಹತ್ತಿದಳು. ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಕರಿಯಣ್ಣ ಸಾಮಾನು ಕಟ್ಟುತ್ತಿದ್ದ, ತಿಂಗಳೊಳಗೆ ಅವನೂ ಮನೆ ಬಿಡಬೇಕಿತ್ತು. ಅವಳು ನಿಂತಲ್ಲೇ ಎಲ್ಲ ಹೇಳಿದಳು. ಅವನು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಕೂತ.

"ವ್ಯಾಪಾರ ಕುದುರಿಸಿದ ಬ್ರೋಕರನ್ನ ನಂಬ್ಲಿಲ್ಲ ನಾನು. ಓಂಕಾರಪ್ಪನ್ನೂ ನಂಬ್ಲಿಲ್ಲ. ನಿಮ್ಮನ್ನ ಕೇಳೋಕೇ ಅಂತ ಬಸ್ಸು ಹಿಡ್ದು ಬಂದಿದ್ದೆ. ನೀವು ಹದಿನೆಂಟು ನೂರು ಅಂದ್ಮೇಲೆ ಆ ಲೆಕ್ಕದಲ್ಲೇ ಅವರು ಹೇಳಿದ ರೇಟಿಗೆ ಒಪ್ಪಿ, ಇದ್ದದ್ದೆಲ್ಲ ಅದಕ್ಕೇ ಹಾಕ್ದೆ."

ಅವನು ಬೈಯಲಿಲ್ಲ. ಬಾಡಿಗೆ ಇಳಿಸಿದರೆ ಬ್ಯಾಂಕಿನ ಕಂತು ಕಟ್ಟಲಾಗುವುದಿಲ್ಲ, ಏನು ಮಾಡಲಿ ಹೇಳಿ ಎಂದು ಅವಳನ್ನೇ ಕೇಳಿದ.

ಸಂಜೆ ಗೋಪಾಳಕ್ಕೆ ಬಂದಾಗ ಹುಚ್ಚಮ್ಮ ಮೆಟ್ಟಿಲ ಮೇಲೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಸಾವಿತ್ರಮ್ಮ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು, ತನಗೂ ಮೋಸವಾಯಿತು ಎಂದಳು. ಹುಚ್ಚಮ್ಮ ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ ಸಿಟ್ಟಿಲ್ಲದೆ, ಪಕ್ಕದ ಮನೆಯ ಸುದ್ದಿ ವಿಚಾರಿಸುವ ದನಿಯಲ್ಲಿ ಕೇಳಿದಳು:

"ನಿಮಗೆಷ್ಟು ಕೊಟ್ರು, ಟೀಚರೇ?"

"ಏನೂ ಇಲ್ಲ ಹುಚ್ಚಮ್ಮ."

"ಆಯ್ತು ಬಿಡಿ," ಎಂದು ಹುಚ್ಚಮ್ಮ ಚೀಲದ ಬಾಯಿ ಕಟ್ಟಿದಳು.