ಮೇಲಕ್ಕೆ ಹೋದ ಮಾತು

ಹಾವಿನ ಹಾಗೆ ಸುತ್ತಿ ಸುತ್ತಿ ಹರಿಯುವ ನದಿಯೊಂದರ ದಂಡೆಯಲ್ಲಿ, ಒಂದಾನೊಂದು ಕಾಲಕ್ಕೆ, ದಿಕ್ಕುಗಳು ಎರಡೇ ಇದ್ದವಂತೆ: ಮೇಲೆ, ಕೆಳಗೆ. ಸೂರ್ಯ ಎಲ್ಲಿ ಹುಟ್ಟಿದರೂ ಅಲ್ಲಿಯ ಜನಕ್ಕೆ ಚಿಂತೆಯಿಲ್ಲ. ನೀರು ಹೋದತ್ತ ಮಾತೂ ಹೋಗಬೇಕು. ಮೇಲಿನೂರಿನ ರೇಡಿಯೊ ಗೋಪುರ, ನಡುವಿನ ಊರಿನಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದ ಒತಿಲಿಯಾಳ ಗೋಪುರಕ್ಕೆ ಹೇಳುತ್ತಿತ್ತು. ಅದು ಕೆಳಗಿನ ಸಾನ್ ಲೂಪೊ ಊರಿಗೆ, ಸಾನ್ ಲೂಪೊ ಪಟ್ಟಣದ ಆಸ್ಪತ್ರೆಗೆ.

ಒತಿಲಿಯಾಳ ಊರಿನ ಆ ನಡುವಿನ ಗೋಪುರವನ್ನು ಒಂದು ಮಳೆಗಾಲದಲ್ಲಿ ನದಿ ದಂಡೆಸಮೇತ ನುಂಗಿತು.

ಒತಿಲಿಯಾಳ ತಂಗಿ ದೆಲ್ಮಿರಾಗೆ ಹೆರಿಗೆ ನೋವು ಬಂದದ್ದು ಅದಾದ ಮೇಲೆ. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಕೈಚೆಲ್ಲಿದಳು. ಆಸ್ಪತ್ರೆಯ ವೇಗದ ದೋಣಿ ಬಂದರಷ್ಟೇ ಉಳಿವು.

“ದೋಣಿ ಕರೆಸ್ತೀನಿ ಕಣೇ” ಎಂದು ತಂಗಿಗೆ ಮಾತು ಕೊಟ್ಟ ಒತಿಲಿಯಾ, ನೀರಿನಿಂದ ಎಳೆದು ಒಣಗಿಸಿದ್ದ ರೇಡಿಯೊ, ಆಂಟೆನಾ ಹಿಡಿದು ಶಾಲೆಯ ಸೂರು ಹತ್ತಿದಳು. ಕೆಳದಿಕ್ಕಿಗೆ ಕೂಗಿ ಕೂಗಿ ಗಂಟಲು ಹರಿಯಿತು. ಬಂದದ್ದು ಬರೀ ಗೊರಗೊರ. ಸೂರು ಗಿಡ್ಡ, ಕಾಡು ಎತ್ತರ.

“ಇಳಿಯೇ ತಾಯಿ,” ಎಂದ ಕೆಳಗಿದ್ದ ಗ್ರಿಮಾಲ್ಡೊ ಮಾವ. “ಮರಕ್ಕೆ ಕಿವಿ ಇದ್ದಿದ್ರೆ ಇಷ್ಟೊತ್ತಿಗೆ ಅದೇ ಹೋಗಿ ಹೇಳ್ತಿತ್ತು.”

ಪಕ್ಕದ ಮನೆಯೊಳಗಿನ ತಂಗಿಯ ನರಳಾಟ ಸಣ್ಣದಾಗುತ್ತ ಬಂತು. ಆಗ ಒತಿಲಿಯಾಗೆ ಅಪ್ಪ ನೆನಪಾದ. ಮೀನಿನ ಕಾಲದಲ್ಲಿ ಅಪ್ಪ ಏನು ಮಾಡುತ್ತಿದ್ದ? ನದಿಯ ಸುತ್ತು ತಪ್ಪಿಸಲು ಮೇಲಿನೂರಿಗೆ ಹೋಗಿ, ಅಲ್ಲಿಂದ ದೋಣಿಯನ್ನು ಕಾಡಿನಲ್ಲಿ ಅಡ್ಡ ಎಳೆದು, ಸಾನ್ ಲೂಪೊ ಹತ್ತಿರ ಇಳಿಸುತ್ತಿದ್ದ!

ಒತಿಲಿಯಾ ಆಂಟೆನಾವನ್ನು ಮೇಲಕ್ಕೆ ತಿರುಗಿಸಿದಳು.

“ಅಯ್ಯೋ, ಹುಡುಗಿ ತಲೆ ಕೆಡ್ತು! ಆಸ್ಪತ್ರೆ ಈ ಕಡೆ ಕಣೇ!” ಎಂದ ಮಾವ.

“ಕೊಮಾದ್ರೆ ಸೊರಾಯ್ದಾ! ಕೇಳ್ತಿದ್ಯಾ?” ಎಂದು ಆ ಕಡೆಯ ಹೆಂಗಸರು ಗೆಳತಿಯನ್ನು ಕರೆಯುವಂತೆ ಒತಿಲಿಯಾ ಕೂಗಿದಳು.

ಮೇಲಿನೂರಿನ ಗೆಳತಿಯ ದನಿ ಸ್ಪಷ್ಟವಾಗಿ ಬಂತು. “ಕೇಳ್ತಿದೆ. ನೀವು ಕೆಳಗಿನೋರು ನಮ್ಮನ್ನ ಮಾತಾಡ್ಸೋದು ಯಾವಾಗ ಕಲಿತ್ರಿ?”

“ಜಗಳ ಆಮೇಲೆ ಆಡು. ನಿಮ್ಮ ಗೋಪುರ ದಿಬ್ಬದ ಮೇಲಿದೆ. ಆಂಟೆನಾನ ದೋಣಿ ಎಳೆಯೋ ದಾರಿ ಕಡೆ ತಿರುಗಿಸು, ಸಾನ್ ಲೂಪೊನ ಕರಿ. ದೆಲ್ಮಿರಾ ಸಾಯ್ತಿದಾಳೆ.”

“ತಿರುಗಿಸಿದ್ರೆ ನಿನ್ ದನಿ ನನಗೆ ಸಿಗಲ್ಲ.”

“ಗೊತ್ತು. ತಿರುಗಿಸು.”

ದನಿ ಕಡಿಯಿತು. ಒತಿಲಿಯಾ ಆಂಟೆನಾವನ್ನು ಕೂಸಿನಂತೆ ಅವುಚಿಕೊಂಡು, ಅಲುಗದೆ ಕೂತಳು. ಕೈ ಜೋಮು ಹಿಡಿಯಿತು. ಮನೆಯೊಳಗೆ ಯಾರೋ ಪ್ರಾರ್ಥನೆ ಶುರುಮಾಡಿದರು. ಬೇಡ, ಆ ಪ್ರಾರ್ಥನೆ ಈಗಲೇ ಬೇಡ ಎಂದು ಅವಳು ತುಟಿ ಕಚ್ಚಿದಳು.

ಗೊರಗೊರದೊಳಗಿಂದ ಸೊರಾಯ್ದಾ ತೇಲಿಬಂದಳು. “ಸಾನ್ ಲೂಪೊ ಸಿಕ್ತು ಕೊಮಾದ್ರೆ. ಆಸ್ಪತ್ರೆಗೂ ಮುಟ್ಟಿಸ್ತು. ಡಾಕ್ಟ್ರನ್ನ ಹತ್ತಿಸ್ಕೊಂಡು ದೋಣಿ ಬಿಟ್ರಂತೆ!”

ಒತಿಲಿಯಾ ಸೂರಿನಿಂದ ಜಾರಿ, ಎದ್ದು, ಓಡಿ, ತಂಗಿಯ ತಣ್ಣನೆಯ ಕೈ ಹಿಡಿದಳು.

“ಕರೆಸಿದೆ ಕಣೇ.”

ದೆಲ್ಮಿರಾಳ ಬೆರಳುಗಳು ಅಕ್ಕನ ಕೈಯನ್ನು ಬಿಗಿಯಾಗಿ ಹಿಡಿದವು.