ಸೊಸೆಯಂದಿರು ಹೆಸರು ಹಿಡಿದು ಕರೆಯದ ಮಣ್ಣು

ನಮ್ಮ ಗುಡ್ಡದ ಬಿಳಿ ಮಣ್ಣಿಗೆ ಒಂದು ಹೆಸರಿದೆ. ಗಂಡಸರು, ಮಕ್ಕಳು, ಇಲ್ಲೇ ಹುಟ್ಟಿದ ಹೆಣ್ಣುಮಕ್ಕಳು ದಿನಾ ಅದನ್ನು ಹೇಳುತ್ತಾರೆ. ಸೊಸೆಯರಾಗಿ ಬಂದ ನಾವು ಹೇಳುವುದಿಲ್ಲ. ಅದು ನಮ್ಮ ಗಂಡಂದಿರ ಮುತ್ತಾತನ ಹೆಸರೂ ಹೌದು. ದಕ್ಷಿಣ ಆಫ್ರಿಕಾದ ನಮ್ಮ ಖೋಸಾ ಜನರಲ್ಲಿ ಸೊಸೆಯ ಬಾಯಲ್ಲಿ ಮಾವನ ಹೆಸರಾಗಲಿ ಅವನ ಹಿರಿಯರ ಹೆಸರಾಗಲಿ ಬರಕೂಡದು. ಹಾಗಾಗಿ ನಾವು ಅದನ್ನು ಗುಡ್ಡದ ಮೊಸರು ಅನ್ನುತ್ತೇವೆ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಗಂಡಸರಾಗುವ ದೀಕ್ಷೆಗೆ ಹುಡುಗರು ಊರಾಚೆಯ ಹುಲ್ಲುಗುಡಿಸಲಿನಲ್ಲಿ ಇರುವಷ್ಟು ದಿನ ಮೈತುಂಬ ಬಳಿದುಕೊಳ್ಳುವುದು ಅದನ್ನೇ. ಜೋಳದ ಹೊಲದಲ್ಲಿ ಕಳೆ ಕೀಳುವಾಗ ಬಿಸಿಲಿಗೆ ನಾವು ಮುಖಕ್ಕೆ ಹಚ್ಚುವುದೂ ಅದನ್ನೇ. ಮೂವತ್ತು ವರ್ಷದಿಂದ ಗುಡ್ಡದ ಹೊಂಡದಲ್ಲಿ ಅದನ್ನು ಅಗೆಯುತ್ತಿರುವವಳು ನನ್ನ ಓರಗಿತ್ತಿ ಮಾಭೆಲೆ. ಯಾವ ಪದರ ಮರಳು, ಯಾವ ಪದರ ಬೆಣ್ಣೆ ಎಂದು ಅವಳ ಹೆಬ್ಬೆರಳಿಗೆ ಗೊತ್ತು.

ಹೋದ ವರ್ಷ ಒಬ್ಬ ಸರ್ವೆಯವನು ಬಂದ. ಅಂಗೈಯಲ್ಲಿ ಒಂದು ಹೆಂಟೆ ಹಿಡಿದು ಮನೆಮನೆಗೆ ಹೋಗಿ, "ಇದಕ್ಕೆ ಏನಂತೀರಿ?" ಎಂದು ಕೇಳಿದ. ದುಡಿಯುವ ಗಂಡಸರೆಲ್ಲ ದೂರದ ಗಣಿಗಳಲ್ಲಿದ್ದರು. ಬಾಗಿಲಿಗೆ ಬಂದವರೆಲ್ಲ ಸೊಸೆಯರೇ. "ಏನೂ ಅನ್ನಲ್ಲಪ್ಪ" ಎಂದರು. ಒಬ್ಬಳು ಮಾತ್ರ "ಮೊಸರು" ಎಂದಳು. ಅವನು ನಕ್ಕು, ಅದನ್ನು ಬರೆದುಕೊಳ್ಳಲಿಲ್ಲ.

ಈ ಚಳಿಗಾಲದಲ್ಲಿ ಅವನು ಬರೆದದ್ದು ತಿರುಗಿ ನಮ್ಮೂರಿಗೆ ಬಂತು. ಗುಡ್ಡವನ್ನು ಒಂದು ಕಂಪನಿ ಕೇಳಿತ್ತು. ಮುಖ್ಯಸ್ಥ ವೇಲಾಫಿಯ ದನದ ಕೊಟ್ಟಿಗೆಯ ಮುಂದೆ ಸಭೆ ಸೇರಿತು. ಊರಲ್ಲಿದ್ದ ಗಂಡಸರು ಬೇಲಿಗೆ ಒರಗಿ ಕೂತರು, ನಾವು ಚಾಪೆ ಹಾಸಿ ದೂರ ಕೂತೆವು. ಸರ್ಕಾರಿ ಕಚೇರಿಯಿಂದ ಬಂದವಳು ಲಿಂಡೆಲ್ವಾ, ಪಟ್ಟಣದಲ್ಲಿ ಬೆಳೆದ ಹುಡುಗಿ. ಎದ್ದು ನಿಂತು ಓದಿದಳು: "ಈ ಗುಡ್ಡದಲ್ಲಿರೋದು ಕೇಯೊಲಿನ್. ಕಾಗದಕ್ಕೆ, ಪಿಂಗಾಣಿಗೆ, ಬಣ್ಣಕ್ಕೆ, ಔಷಧದ ಗುಳಿಗೆಗೆ ಬೇಕು. ಊರಿನವರಲ್ಲಿ ಇದಕ್ಕೆ ಹೆಸರಿಲ್ಲ, ಬಳಕೆಯೂ ಇಲ್ಲ."

"ಕೇಯೊಲಿನ್ ಅಂದ್ರೆ ಏನಮ್ಮ?" ಮಾಭೆಲೆ ಕೇಳಿದಳು.

"ಚೀನಾದಲ್ಲಿ ಒಂದು ಗುಡ್ಡ ಇದೆಯಂತೆ ಅಮ್ಮಾ. ಅದರ ಹೆಸರಿಂದ ಬಂದಿದ್ದು."

"ನೋಡಿದ್ಯಾ," ಮಾಭೆಲೆ ನನ್ನ ಪಕ್ಕೆ ತಿವಿದಳು. "ನಮ್ಮ ಮಣ್ಣು ಚೀನಾಕ್ಕೆ ಸೊಸೆಯಾಗಿ ಹೋಗಿದೆ. ನಮಗೆ ಮಾತ್ರ ಮದುವೆ ಊಟ ಇಲ್ಲ."

ಹೆಂಗಸರು ನಕ್ಕರು. ಲಿಂಡೆಲ್ವಾ ನಗಲಿಲ್ಲ. "ಅಮ್ಮಾ, ನಿಜವಾಗಿ ಹೇಳಿ. ಹಿಂದಿನಿಂದ ಬಳಸ್ತಿದ್ದೀರಿ ಅಂತಾದ್ರೆ ನೀವು ಅಗೆಯೋ ಹೊಂಡಾನ ಬಿಡಿಸಬಹುದು. ಇಲ್ಲಾಂದ್ರೆ ಇಡೀ ಗುಡ್ಡಕ್ಕೆ ಬೇಲಿ ಬೀಳುತ್ತೆ. ನೀವು ಇದನ್ನ ಏನಂತ ಕರೀತೀರಿ?"

ಮಾಭೆಲೆ ಹೊದ್ದ ಕಂಬಳಿಯ ಅಂಚು ತುಟಿಗೆ ಒತ್ತಿಕೊಂಡಳು. ಹೇಳಿಬಿಡುತ್ತಾಳೋ ಏನೋ ಎಂದು ನನಗೆ ಹೆದರಿಕೆ. ಹೇಳದಿದ್ದರೆ ಹೊಂಡ ಹೋಗುತ್ತದೆ ಎಂದು ಅದಕ್ಕಿಂತ ಹೆದರಿಕೆ.

"ನನ್ನ ಬಾಯಿಗೆ ಆ ಹೆಸರು ಸಲ್ಲದು ಮಗಳೇ," ಎಂದಳು. "ಹೊರಗಿನವನ ಮುಂದೆ ಬಾಯಿ ಮುಚ್ಕೊಂಡ್ವಿ, ಅವನು ಹೆಸರೇ ಇಲ್ಲ ಅಂತ ಬರ್ಕೊಂಡ. ತಪ್ಪು ನಮ್ಮದೂ ಹೌದು." ಆಮೇಲೆ ಬೇಲಿಯ ಕಡೆ ತಿರುಗಿದಳು. "ಮೈದುನಾ, ನಿನ್ನ ಬಾಯಿಗೆ ಸಲ್ಲುತ್ತಲ್ಲ. ನಿಮ್ಮ ವಂಶಾವಳಿ ಹೇಳು."

ವೇಲಾಫಿ ನೆಲ ನೋಡಿದ. ಅವನು ಕೆಟ್ಟವನಲ್ಲ. ಕಂಪನಿ ಬಂದರೆ ಊರಿನ ಗಂಡಸರು ದೂರದ ಗಣಿಗೆ ಹೋಗುವುದು ತಪ್ಪುತ್ತದೆ ಎಂಬ ಆಸೆ ಅವನಿಗೆ. ಸರ್ವೆಯವನ ವರದಿ ತಪ್ಪೆಂದು ಗೊತ್ತಿದ್ದೂ ಸುಮ್ಮನಿದ್ದ.

"ಈಗ ಯಾಕೆ ಅದು, ಅತ್ತಿಗೆ?"

"ಹಬ್ಬದ ದಿನ ಬಿಯರ್ ಕುಡಿದ್ರೆ ನಿಲ್ಸೋಕೇ ಆಗಲ್ಲ ನಿನ್ನ. ಇವತ್ತು ಬರೀ ಬಾಯಲ್ಲಿ ಹೇಳಪ್ಪ."

ಬೇಲಿಯ ಬಳಿಯ ಮುದುಕರೂ ನಕ್ಕರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಅಷ್ಟು ಜನರ ಮುಂದೆ, ಹಿರಿಯರ ನೆಲೆಯಾದ ಕೊಟ್ಟಿಗೆಯ ಬಾಗಿಲಲ್ಲಿ, ಅವರ ಹೆಸರನ್ನು ನುಂಗುವುದು ಯಾರಿಂದ ಆದೀತು? ವೇಲಾಫಿ ಟೋಪಿ ತೆಗೆದು ನಿಂತ. ತನ್ನ ಹೆಸರು, ಅಪ್ಪನ ಹೆಸರು, ತಾತನ ಹೆಸರು ಹೇಳಿದ. ಆಮೇಲೆ ಮುತ್ತಾತನ ಹೆಸರು ಹೇಳಿದ. ನಾವು ಹೆಂಗಸರೆಲ್ಲ ತಲೆ ತಗ್ಗಿಸಿದೆವು.

ಲಿಂಡೆಲ್ವಾ ಬರೆಯುತ್ತಿದ್ದವಳು ನಿಲ್ಲಿಸಿದಳು. "ಅಂದ್ರೆ... ಈ ಮಣ್ಣಿನ ಹೆಸರೇ ಅವರಿಗೂ?"

"ಮಣ್ಣಿನಿಂದಲೇ ಇಟ್ಟಿದ್ದು," ವೇಲಾಫಿ ಮೆಲ್ಲಗೆ ಹೇಳಿದ. "ಮುತ್ತಾತನ ಅಣ್ಣ ಗುಡಿಸಲಿಗೆ ಹೋಗೋ ಹೊತ್ತಿಗೆ ಅವನಿಗೆ ಬಳಿಯೋಕೆ ಅವರ ತಾಯಿ ಮಣ್ಣು ಅಗೀತಿದ್ಳಂತೆ. ಹೊಂಡದಲ್ಲೇ ಹೆರಿಗೆ ಆಯ್ತು. ಕೂಸನ್ನ ಮನೆಗೆ ತಂದಾಗ ಅಡಿಯಿಂದ ಮುಡಿತನಕ ಬಿಳೀ ಇತ್ತಂತೆ."

"ನಾಲ್ಕು ತಲೆಮಾರಿನ ಹಿಂದೆ."

"ಹೂಂ. ಆಗಲೇ ಅದು ಹಳೇ ಹೊಂಡ." ಟೋಪಿಯನ್ನು ಕೈಯಲ್ಲೇ ತಿರುವುತ್ತಾ ನಿಂತ. ಆಮೇಲೆ ಯಾರೂ ಕೇಳದೆ ತಾನಾಗಿ ಹೇಳಿದ: "ಆ ಹೊಂಡ ಬಿಟ್ಟು ಅಳೀರಿ. ಗುಡ್ಡದ ಆ ಬೆನ್ನಿನ ಕಡೆ ಅವರು ಬೇಕಾದಷ್ಟು ಅಗೀಲಿ."

ಲಿಂಡೆಲ್ವಾ ಹಳೆಯ ಸಾಲುಗಳನ್ನು ಹೊಡೆದುಹಾಕಿ, ಹೆಸರು ಬರೆದು, ಕೆಳಗೆ ವೇಲಾಫಿಯ ರುಜು ತೆಗೆದುಕೊಂಡಳು. ಪಕ್ಕದಲ್ಲಿ ಮಾಭೆಲೆ ಹೆಬ್ಬೆಟ್ಟು ಒತ್ತಿದಳು. ಎಲ್ಲರೂ ಗುಡ್ಡ ಹತ್ತಿದೆವು. ಹೊಂಡದ ಸುತ್ತ ಎಲ್ಲೆಯ ಮೂರು ಗೂಟ ನೆಟ್ಟಾಯಿತು. ನಾಲ್ಕನೆಯದನ್ನು ಲಿಂಡೆಲ್ವಾ ಹೊಂಡದ ಬಾಯಿಗೇ ನೆಡಲು ಹೊರಟಾಗ ಮಾಭೆಲೆ ಅದನ್ನು ಕಸಿದುಕೊಂಡಳು.

"ಇನ್ನೂ ಆ ಕಡೆ ಬಾ."

"ಅಲ್ಲಿ ಏನಿದೆ ಅಮ್ಮಾ? ಬರೀ ಬಂಡೆ."

"ಅಗೆದದ್ದನ್ನ ಒಣಗಿಸೋದೆಲ್ಲಿ, ನಿನ್ನ ಕಚೇರಿ ಮೇಜಿನ ಮೇಲಾ?"

ಲಿಂಡೆಲ್ವಾ ಈಗ ನಕ್ಕಳು. ಬಂಡೆಯ ಆಚೆಗೆ ಹೋಗಿ, ಗೂಟ ಅಲ್ಲಾಡದಂತೆ ಎರಡೂ ಕೈಯಿಂದ ಹಿಡಿದಳು. ಮಾಭೆಲೆ ಕಲ್ಲೆತ್ತಿ ಬಡಿದಳು.