ಮುಚ್ಚಳದ ಮೇಷ್ಟ್ರು

ಪ್ರಯೋಗಾಲಯದ ಮುಖ್ಯಸ್ಥರಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟ ಹೆಸರು ಮುಚ್ಚಳದ ಮೇಷ್ಟ್ರು. ಮುಚ್ಚಿಟ್ಟದ್ದು ಏನೇ ಕಾಣಲಿ, ತೆಗೆದು ನೋಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯ ಕೆಲಸ, ಸೌರಕೋಶಕ್ಕೆ ಪೆರೋವ್‌ಸ್ಕೈಟ್ ಹರಳು ಬೆಳೆಸುವುದು. ಸೀಸದ ಲವಣ, ಸಾವಯವ ಲವಣ ಎರಡನ್ನೂ ಕರಗಿಸಿ ಗಾಜಿನ ಬಿಲ್ಲೆಯ ಮೇಲೆ ತೆಳ್ಳಗೆ ಹರಡಿ ಮುಚ್ಚಿಡಬೇಕು. ನಿಧಾನವಾಗಿ ಆರಿದರೆ ಹರಳು ಮೇಲ್ಮೈಯಲ್ಲಿ ಹುಟ್ಟಿ ಕೆಳಕ್ಕೆ ಬೆಳೆಯುತ್ತದೆ. ಅದರ ಪದರಗಳು ಕಪಾಟಿನ ಪುಸ್ತಕಗಳಂತೆ ನೆಟ್ಟಗೆ ನಿಲ್ಲುತ್ತವೆ, ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಅವಸರದಲ್ಲಿ ಆರಿತೋ, ಹರಳುಗಳು ಕಂಡಕಂಡಲ್ಲಿ ಹುಟ್ಟಿ ಅಡ್ಡಾದಿಡ್ಡಿ ಬೀಳುತ್ತವೆ. ಅಡ್ಡ ಮಲಗಿದ ಸಾವಯವ ಪದರ ವಿದ್ಯುತ್ತಿಗೆ ದಾರಿ ಬಿಡುವುದಿಲ್ಲ.

"ಆಯ್ತೇನಮ್ಮ?" ಎನ್ನುತ್ತ ಮೇಷ್ಟ್ರು ಬಂದು ಮುಚ್ಚಳ ಎತ್ತುವರು, ಗಾಳಿ ಹೊಕ್ಕು ಬಿಲ್ಲೆ ಬೇಗ ಆರಿಬಿಡುವುದು. ಪಾಪ, ವಿಜ್ಞಾನದ ಮೇಲಿನ ಮಮತೆ! ಬಿಲ್ಲೆ ಕೆಟ್ಟಾಗ ಮಾತ್ರ ಅದು ಹುಡುಗಿಯ ಕೈಗುಣ.

"ಈ ಸಲವೂ ಕೆಟ್ರೆ ಈ ಕೆಲಸ ನನ್ನ ಬಾಮೈದನ ಮಗ ನೋಡ್ಕೋತಾನೆ" ಎಂದುಬಿಟ್ಟರು. ಬಾಮೈದನ ಮಗನಿಗೆ ಬಿಲ್ಲೆಯ ಯಾವ ಮುಖ ಮೇಲೆ ಎಂಬುದೂ ತಿಳಿಯದು. ಆದರೇನು, ಸಂಬಂಧ ದೊಡ್ಡದು.

ಇಷ್ಟು ವರ್ಷದ ದುಡಿಮೆಯನ್ನು ಯಾರದೋ ಮಡಿಲಿಗೆ ಸುರಿಯುವುದೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಹುಡುಗಿ ಎರಡು ಬಿಲ್ಲೆ ಮಾಡಿದಳು. ಒಂದನ್ನು ಮೇಜಿನ ನಡುವೆ ಕಣ್ಣಿಗೆ ಹೊಡೆಯುವಂತೆ ಮುಚ್ಚಿಟ್ಟಳು, ಇನ್ನೊಂದನ್ನು ಮುಚ್ಚಿ ಮೂಲೆಯಲ್ಲಿದ್ದ ಪಂಪಿನ ಹಿಂದೆ ಸರಿಸಿದಳು. ಮೇಷ್ಟ್ರು ಬಂದರು, ಮೇಜಿನದರ ಮುಚ್ಚಳ ಎತ್ತಿದರು, ಇಣುಕಿದರು, ತೃಪ್ತಿಯಿಂದ ಹೋದರು.

ಪರೀಕ್ಷೆಯಲ್ಲಿ ಮೇಜಿನ ಬಿಲ್ಲೆ ಸತ್ತಂತಿತ್ತು. ಪಂಪಿನ ಹಿಂದಿನದು ಮೀಟರನ್ನು ಸರ್ರನೆ ಏರಿಸಿತು.

ಮೀಟರು ಏರಿದ್ದಷ್ಟನ್ನೇ ಕಂಡ ಮೇಷ್ಟ್ರು, ಅದು ತಾವು ಇಣುಕಿದ ಬಿಲ್ಲೆಯೇ ಎಂದುಕೊಂಡು ಹಿರಿಹಿರಿ ಹಿಗ್ಗಿದರು. "ನೋಡಿದ್ಯಾ, ನಾನು ಹತ್ತಿರ ನಿಂತು ನೋಡ್ಕೊಂಡ್ರೆ ಹೇಗೆ ಬರುತ್ತೆ! ನಡುವೆ ಮುಚ್ಚಳ ತೆಗೆದು ಗಾಳಿ ಆಡಿಸ್ಬೇಕು ಅಂತ ಪ್ರಬಂಧದ ವಿಧಾನದ ಭಾಗದಲ್ಲಿ ಬರಿ."

ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಹಾಗೆ ಬರೆದರೆ, ಅದನ್ನು ನಂಬಿದ ಎಲ್ಲರ ಬಿಲ್ಲೆಗಳೂ ಕೆಡುತ್ತವೆ. ಹುಡುಗಿಗೆ ರೇಗಿಹೋಯಿತು.

"ಸರ್, ನೀವು ಮುಚ್ಚಳ ತೆಗೆದದ್ದು ಕೆಟ್ಟುಹೋದ ಬಿಲ್ಲೇದು. ಇದನ್ನ ನಿಮ್ಮ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟಿದ್ದೆ."

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. "ಹಾಗಾದ್ರೆ ಇದರಲ್ಲಿ ನನ್ನ ಕೆಲಸ ಏನಮ್ಮ?" ಎಂದರು.

"ದೂರ ಇರೋದು, ಸರ್. ವಿಧಾನದಲ್ಲಿ ಹಾಗೇ ಬರೀಲಾ?"